ಲಂಡನ್‌ನಿಂದ ಡಿಸ್ನಿಲ್ಯಾಂಡ್ ಪ್ಯಾರಿಸ್‌ಗೆ ಒಂದೇ ದಿನದ ಬಸ್ ಟ್ರಿಪ್: ಪುಟ್ಟ ಮಕ್ಕಳಿದ್ದರೆ ದಯವಿಟ್ಟು ಬೇಡ

ಮನೆಗೆ ಬೀಗ ಹಾಕಿ ಹೊರಟಾಗಿನಿಂದ ಮತ್ತೆ ಬೀಗ ತೆಗೆಯುವ ತನಕ ಇಪ್ಪತ್ತಾರು ಮುಕ್ಕಾಲು ಗಂಟೆ. ಅದರಲ್ಲಿ ಡಿಸ್ನಿಲ್ಯಾಂಡ್ ಒಳಗೆ ಇದ್ದದ್ದು ನಾಲ್ಕೂಕಾಲು ಗಂಟೆ. ಇಂಗ್ಲೆಂಡಿನಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮಕ್ಕಳ ರಜೆ ಹತ್ತಿರ ಬಂದಾಗೆಲ್ಲ ಈ ಬಸ್ ಟ್ರಿಪ್‌ನ ಜಾಹೀರಾತು ಬರುತ್ತದೆ. ಅದನ್ನು ನೋಡಿಯೇ ನಾವೂ ದುಡ್ಡು ಕಟ್ಟಿದ್ದು. ಯಾವ ಟ್ರಾವೆಲ್ಸ್ ಅಂತ ಹೆಸರು ಹೇಳುವುದಿಲ್ಲ. ಈ ಟ್ರಿಪ್ ಯಾರು ಮಾಡಿದರೂ ಹೆಚ್ಚು ಕಡಿಮೆ ಹೀಗೇ ಆಗುತ್ತದೆ.

2025ರ ಮೇ ಕೊನೆಯ ವಾರ, ಹಾಫ್ ಟರ್ಮ್ ರಜೆ. ನಾನು, ನಮ್ಮವರು, ನಾಲ್ಕು ತುಂಬಿದ ಮಗಳು. ಪಾರ್ಕ್ ಟಿಕೆಟ್ ಸೇರಿ ಒಬ್ಬರಿಗೆ ನೂರು ಚಿಲ್ಲರೆ ಪೌಂಡ್. ಬೆಳಗಿನ ಜಾವ ಎರಡೂವರೆಗೆ ಲಂಡನ್ ಬಿಡುವುದು, ಹನ್ನೊಂದೂವರೆಗೆ ಪಾರ್ಕ್, ಸಂಜೆ ಏಳಕ್ಕೆ ವಾಪಸ್ ಅಂತ ಹೇಳಿದ್ದರು. ಏಳು ಗಂಟೆ ಸಿಗುತ್ತದಲ್ಲ, ಸಾಕು ಅಂದುಕೊಂಡೆವು.

ಎರಡೂವರೆಗೆ ಬಸ್ ಹತ್ತಬೇಕಾದರೆ ಒಂದೂಕಾಲಿಗೇ ಮನೆ ಬಿಡಬೇಕು. ಮಗಳನ್ನು ಮಲಗಿದ್ದಂತೆಯೇ ಎತ್ತಿಕೊಂಡು ಟ್ಯಾಕ್ಸಿಯಲ್ಲಿ ಹೋದೆವು. ಬಸ್ಸಿನಲ್ಲಿ ಅವಳಿಗೆ ಮತ್ತೆ ನಿದ್ದೆ ಬರಲೇ ಇಲ್ಲ. ದಾರಿಗೆ ಅಂತ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದೆ. ಪಕ್ಕದ ಸೀಟಿನವರು ಹೇಳಿದ ಮೇಲೆ ಗೊತ್ತಾಯಿತು, ಬ್ರಿಟನ್‌ನಿಂದ ಯುರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಹಸುಗೂಸಿನ ಹಾಲಿನ ಪುಡಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬೆಳಗಿನ ಜಾವ ನಾಲ್ಕೂವರೆಗೆ, ಬಸ್ಸನ್ನೂ ಹಡಗಿಗೆ ಹತ್ತಿಸುವ ಡೋವರ್ ಬಂದರು ಬರುವ ಮುಂಚೆ, ಮೊಸರನ್ನ ಖಾಲಿ ಮಾಡಿದೆವು.

ಡೋವರ್‌ನಲ್ಲಿ ಹಡಗು ಹತ್ತುವ ಮುಂಚೆಯೇ ಫ್ರಾನ್ಸ್‌ನ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ. ಬಸ್ಸಿನವರೆಲ್ಲ ಇಳಿದು ಸಾಲಿನಲ್ಲಿ ನಿಲ್ಲಬೇಕು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ ಬ್ರಿಟಿಷ್ ಪಾಸ್‌ಪೋರ್ಟ್‌ಗೂ ಮುದ್ರೆ ಒತ್ತಬೇಕಾಗಿ ಬಂದಿತ್ತು, ಹಾಗಾಗಿ ಸಾಲು ಉದ್ದ. ನಮ್ಮ ಮುಂದೆ ಎಷ್ಟೋ ಬಸ್ಸುಗಳು ನಿಂತಿದ್ದವು. ಒಂದೂವರೆ ಗಂಟೆ ಅಲ್ಲೇ ಹೋಯಿತು. ಇದಕ್ಕಿಂತ ಎಷ್ಟೋ ಕೆಟ್ಟದಾಗಿ ಆಗಿದ್ದೂ ಇದೆ. 2023ರ ಈಸ್ಟರ್ ರಜೆಯ ಮುಂಚೆ ಇದೇ ಡೋವರ್‌ನಲ್ಲಿ ಕೆಲವು ಬಸ್ಸುಗಳು ಹನ್ನೆರಡು ಗಂಟೆಗೂ ಜಾಸ್ತಿ ಕಾದಿದ್ದವು. ಆ ಸುದ್ದಿ ಅವತ್ತು ಟಿವಿಯಲ್ಲಿ ನಾನೇ ನೋಡಿದ್ದೆ. ಬುಕ್ ಮಾಡುವಾಗ ನೆನಪಾಗಲಿಲ್ಲ.

ಆ ಸಾಲಿನಲ್ಲಿ ನಡೆದದ್ದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ನಮ್ಮ ಹಿಂದಿನ ಸೀಟಿನಲ್ಲಿ ಗಂಡ, ಹೆಂಡತಿ, ಒಬ್ಬ ಹುಡುಗ, ಇಂಡಿಯಾದಿಂದ ಬಂದಿದ್ದ ಅಜ್ಜಿ ಇದ್ದರು. ಅಜ್ಜಿಯ ಹತ್ತಿರ ಬ್ರಿಟನ್‌ನ ವಿಸಿಟರ್ ವೀಸಾ ಇತ್ತು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಬೇಕಾಗುವ ಷೆಂಗೆನ್ ವೀಸಾ ಇರಲಿಲ್ಲ. ಒಂದೇ ದಿನ ತಾನೆ, ಅದೇ ವೀಸಾ ಸಾಕು ಅಂದುಕೊಂಡಿದ್ದರಂತೆ. ಟ್ರಾವೆಲ್ಸ್‌ನವರು ಕಳಿಸಿದ ಮೆಸೇಜಿನಲ್ಲಿ "ಪಾಸ್‌ಪೋರ್ಟ್ ಮತ್ತು ಸರಿಯಾದ ವೀಸಾ ತನ್ನಿ" ಅಂತ ಅಷ್ಟೇ ಇತ್ತು. ಯಾವ ದೇಶದ ವೀಸಾ ಅಂತ ಒಂದು ಪದ ಜಾಸ್ತಿ ಬರೆದಿದ್ದರೆ ಸಾಕಾಗಿತ್ತು. ಅಜ್ಜಿಯನ್ನು ಮುಂದೆ ಬಿಡಲಿಲ್ಲ, ನಾಲ್ಕೂ ಜನ ಅಲ್ಲೇ ಉಳಿದುಬಿಟ್ಟರು. "ನೀವು ಹೋಗಿ ಬನ್ನಿ, ಮಗು ಆಸೆ ಪಟ್ಟಿದೆ" ಅಂತ ಅಜ್ಜಿ ಹೇಳುತ್ತಲೇ ಇದ್ದರು. ಐದೂವರೆ ಗಂಟೆಯ ಚಳಿಯಲ್ಲಿ ಅವರು ಬ್ಯಾಗ್ ಹಿಡಿದು ನಿಂತಿದ್ದರು. ಬಸ್ ಮುಂದೆ ಹೋಯಿತು.

ಇದನ್ನು ಚೆನ್ನಾಗಿ ನೆನಪಿಡಿ. ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ರಿಟನ್‌ನಲ್ಲಿ ಎಷ್ಟೇ ವರ್ಷದಿಂದ ಇದ್ದರೂ, ಫ್ರಾನ್ಸ್‌ಗೆ ಒಂದೇ ದಿನಕ್ಕೆ ಹೋದರೂ ಷೆಂಗೆನ್ ವೀಸಾ ಬೇಕೇ ಬೇಕು. ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45, ಆರು ತುಂಬದ ಮಕ್ಕಳಿಗೆ ಉಚಿತ. ಅರ್ಜಿ ತಗೊಳ್ಳುವ ಕೇಂದ್ರದವರ ಶುಲ್ಕ ಬೇರೆ. "ಅಗ್ಗದ ಟ್ರಿಪ್" ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. 2025ರ ಅಕ್ಟೋಬರ್ 12ರಿಂದ ಇನ್ನೊಂದು ಹೊಸ ಪದ್ಧತಿ ಶುರುವಾಗಿದೆ. ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದು ದಾಖಲಿಸುತ್ತಾರೆ. ಹನ್ನೆರಡು ತುಂಬದ ಮಕ್ಕಳಿಗೆ ಬೆರಳಚ್ಚು ಇಲ್ಲ. ನಾವು ಹೋದಾಗ ಇದು ಇರಲಿಲ್ಲ, ಆದರೂ ಅಷ್ಟು ಹೊತ್ತು ಹಿಡಿಯಿತು.

ಹತ್ತಬೇಕಿದ್ದ ಹಡಗು ತಪ್ಪಿತ್ತು. ಏಳು ಗಂಟೆಯದು ಸಿಕ್ಕಿತು. ಆಚೆ ದಡದ ಕ್ಯಾಲೆ ಬಂದರು ತಲುಪಲು ಒಂದೂವರೆ ಗಂಟೆ. ಇಳಿದಾಗ ನನ್ನ ಗಡಿಯಾರದಲ್ಲಿ ಎಂಟೂವರೆ, ಫ್ರಾನ್ಸ್‌ನಲ್ಲಿ ಒಂಬತ್ತೂವರೆ. ಈ ಒಂದು ಗಂಟೆಯನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕ್ಯಾಲೆಯಿಂದ ಪಾರ್ಕ್‌ಗೆ ಇನ್ನೂ ಮುನ್ನೂರು ಕಿಲೋಮೀಟರ್ ಹತ್ತಿರ. ಡಿಸ್ನಿಲ್ಯಾಂಡ್ ಇರುವುದು ಪ್ಯಾರಿಸ್ ಊರಿನೊಳಗೆ ಅಲ್ಲ, ಅಲ್ಲಿಂದ 32 ಕಿಲೋಮೀಟರ್ ಪೂರ್ವಕ್ಕೆ. ಮಧ್ಯೆ ಒಂದು ಕಡೆ ನಿಲ್ಲಿಸಿದರು. ಬ್ಯಾಗ್ ತಪಾಸಣೆ ಮುಗಿಸಿ ಪಾರ್ಕ್ ಒಳಗೆ ಕಾಲಿಟ್ಟಾಗ ಮಧ್ಯಾಹ್ನ ಎರಡೂಕಾಲು.

ಇಷ್ಟು ತಡವಾಗಿದೆ, ವಾಪಸ್ ಹೊರಡುವುದನ್ನೂ ಸ್ವಲ್ಪ ಮುಂದೆ ಹಾಕಬಹುದಲ್ಲ ಅಂತ ನಮ್ಮವರು ಡ್ರೈವರ್‌ನ ಕೇಳಿದರು. ಆಗಲ್ಲ ಅಂದರು ಪಾಪ, ಬೇಜಾರಿನಲ್ಲೇ. ವಾಪಸ್ ಹಡಗು ಮೊದಲೇ ಬುಕ್ ಆಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಡ್ರೈವರ್‌ಗಳು ಎಷ್ಟು ಹೊತ್ತು ಓಡಿಸಬಹುದು ಅನ್ನುವುದಕ್ಕೆ ಯುರೋಪಿನಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಒಳ್ಳೆಯ ಕಾನೂನೇ, ನಮ್ಮೆಲ್ಲರ ಜೀವ ಉಳಿಸುವಂಥದ್ದು. ಆದರೆ ಇದರಿಂದ ಏನಾಗುತ್ತದೆ ನೋಡಿ. ಹೋಗುವಾಗ ತಡವಾದರೆ ಅಷ್ಟೂ ನಿಮ್ಮ ಪಾರ್ಕ್ ಹೊತ್ತಿನಿಂದಲೇ ಕಡಿತ. ವಾಪಸ್ ಹೊರಡುವ ಹೊತ್ತು ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ. ಟ್ರಾವೆಲ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ದುಡ್ಡು ತಗೊಳ್ಳುವ ಮುಂಚೆ ಹೇಳಬೇಕಿತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಒಳಗೆ ಹೋದ ಮೇಲೆ ಪೀಟರ್ ಪ್ಯಾನ್ ಸವಾರಿಯ ಸಾಲಿನಲ್ಲಿ ಎಪ್ಪತ್ತು ನಿಮಿಷ ನಿಂತೆವು. ಸವಾರಿ ಕೆಲವೇ ನಿಮಿಷ. ಬಿಗ್ ಥಂಡರ್ ಮೌಂಟನ್ ರೈಲು ಅಂದರೆ ಮಗಳಿಗೆ ಪ್ರಾಣ, ಮನೆಯಲ್ಲಿ ಅದರದ್ದೇ ವಿಡಿಯೋ ನೋಡುತ್ತಿದ್ದಳು. ಅದಕ್ಕೆ ಕನಿಷ್ಠ 102 ಸೆಂಟಿಮೀಟರ್ ಎತ್ತರ ಬೇಕು. ಇವಳು 99. ಅಳತೆ ಕೋಲಿನ ಪಕ್ಕ ತುದಿಗಾಲಲ್ಲಿ ನಿಂತಳು. ಆಗಲಿಲ್ಲ. ಇದು ನನ್ನದೇ ತಪ್ಪು, ಮನೆಯಲ್ಲೇ ಅಳತೆ ನೋಡಿಕೊಂಡು ಅವಳಿಗೆ ಮೊದಲೇ ಹೇಳಬೇಕಿತ್ತು. ಇಟ್ಸ್ ಎ ಸ್ಮಾಲ್ ವರ್ಲ್ಡ್ ದೋಣಿಯಲ್ಲಿ ಕೂತಾಗ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮತ್ತೆ ಎಬ್ಬಿಸಲು ಮನಸ್ಸು ಬರಲಿಲ್ಲ. ಆಮೇಲೆ ಹೊತ್ತುಕೊಂಡೇ ಓಡಾಡಿದೆವು. ಕೋಟೆಯ ಕೆಳಗಿನ ಗುಹೆಯಲ್ಲಿ ಉಸಿರಾಡುವ ಡ್ರ್ಯಾಗನ್ ಇದೆ, ನಿಜಕ್ಕೂ ಸೊಗಸಾಗಿದೆ, ಅದನ್ನು ನಾವಿಬ್ಬರೇ ನೋಡಿದೆವು. ಪಕ್ಕದ ಎರಡನೇ ಪಾರ್ಕ್ ಕಡೆ ತಲೆ ಹಾಕಲೂ ಆಗಲಿಲ್ಲ.

ಆರೂವರೆಗೆ ಬಸ್ ಕಡೆ ನಡೆಯುವಾಗ ಅವಳಿಗೆ ಎಚ್ಚರವಾಯಿತು. "ಅಮ್ಮಾ, ಲೈಟ್ ಹಾಕೋದು ಯಾವಾಗ?" ಅಂದಳು. ಕೋಟೆಯ ಮೇಲೆ ಬಣ್ಣದ ಬೆಳಕು, ಪಟಾಕಿ ಬಿಡುವುದು ಕತ್ತಲಾದ ಮೇಲೆ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಏಳಕ್ಕೆ ಹೊರಡುವ ಬಸ್ಸಿನವರು ಅದನ್ನು ನೋಡುವ ಮಾತೇ ಇಲ್ಲ. ಜಾಹೀರಾತಿನಲ್ಲಿ ಮಾತ್ರ ಅದೇ ಫೋಟೋ ಹಾಕಿದ್ದರು. ಅವಳು ಅತ್ತದ್ದು ಬಸ್ ಹತ್ತಿದ ಮೇಲೂ ನಿಲ್ಲಲಿಲ್ಲ.

ವಾಪಸ್ ದಾರಿಯ ಬಗ್ಗೆ ಹೇಳುವಂಥದ್ದು ಕಡಿಮೆ. ನಡುರಾತ್ರಿ ಕ್ಯಾಲೆಯಲ್ಲಿ ಮಲಗಿದ್ದ ಮಕ್ಕಳನ್ನೆಲ್ಲ ಎಬ್ಬಿಸಿ ಮತ್ತೆ ಪಾಸ್‌ಪೋರ್ಟ್ ಸಾಲು. ಲಂಡನ್ ಸೇರಿದಾಗ ಮೂರು ಗಂಟೆ. ಮತ್ತೆ ಟ್ಯಾಕ್ಸಿ. ಅವಳಿಗೆ ಎರಡು ದಿನ ಜ್ವರ.

ಪಾರ್ಕ್‌ನ ಮೇಲೆ ನನಗೆ ಬೇಸರವಿಲ್ಲ, ಜಾಗ ಚೆನ್ನಾಗಿದೆ. ಒಂದು ರಾತ್ರಿ ಅಲ್ಲೇ ಉಳಿಯುವ ಹಾಗೆ ಹೋಗಿ. ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ನೇರ ಡಿಸ್ನಿಲ್ಯಾಂಡ್‌ಗೇ ಹೋಗುತ್ತಿದ್ದ ಯೂರೋಸ್ಟಾರ್ ರೈಲು 2023ರಲ್ಲಿ ನಿಂತಿದೆ, ಹಳೆಯ ವಿಡಿಯೋ ನೋಡಿ ಮೋಸ ಹೋಗಬೇಡಿ. ಪ್ಯಾರಿಸ್ ನಡುವಿನಿಂದ ಆರ್‌ಇಆರ್ ಎ ಅನ್ನುವ ಉಪನಗರ ರೈಲಿನಲ್ಲಿ ಇನ್ನು ಮುಕ್ಕಾಲು ಗಂಟೆ. ಆದರೆ ಆ ಮಾರ್ಗ ವ್ಯಾನ್ಸೆನ್ ನಿಲ್ದಾಣದ ನಂತರ ಎರಡಾಗಿ ಕವಲೊಡೆಯುತ್ತದೆ. ಬೋರ್ಡಿನಲ್ಲಿ "ಮಾರ್ನ್ ಲಾ ವ್ಯಾಲೆ ಶೆಸ್ಸಿ" ಅಂತ ಇರುವ ರೈಲನ್ನೇ ಹತ್ತಿ. ಪಾರ್ಕ್‌ನ ಬಾಗಿಲು ಆ ನಿಲ್ದಾಣದ ಎದುರಿಗೇ ಇದೆ.

ಬಸ್ಸಿನಲ್ಲೇ ಹೋಗುವುದು ಅಂತ ತೀರ್ಮಾನ ಮಾಡಿದ್ದರೆ, ದುಡ್ಡು ಕಟ್ಟುವ ಮುಂಚೆ ಟ್ರಾವೆಲ್ಸ್‌ನವರಿಗೆ ಒಂದೇ ಒಂದು ಪ್ರಶ್ನೆ ಮೆಸೇಜ್ ಮಾಡಿ: ಡೋವರ್‌ನಲ್ಲಿ ಎರಡು ಗಂಟೆ ತಡವಾದರೆ ಪಾರ್ಕ್‌ನಿಂದ ಎಷ್ಟು ಗಂಟೆಗೆ ಹೊರಡುತ್ತೀರಿ? ಉತ್ತರವನ್ನು ಫೋನಿನಲ್ಲಿ ಕೇಳಬೇಡಿ, ಬರೆದು ಕಳಿಸಲು ಹೇಳಿ.