ಅಪ್ಪನ ಜೊತೆ ಮೊದಲ ಟ್ರಯಥ್ಲಾನ್: ಸ್ಪ್ರಿಂಟಾ, ಒಲಿಂಪಿಕ್ಕಾ?

ಟ್ರಯಥ್ಲಾನ್ ಅಂದರೆ ಒಂದೇ ಸ್ಪರ್ಧೆಯಲ್ಲಿ ಒಂದರ ಹಿಂದೆ ಒಂದು ಈಜು, ಸೈಕಲ್, ಓಟ. ಸ್ಪ್ರಿಂಟ್, ಒಲಿಂಪಿಕ್ ಅದರ ಎರಡು ದೂರಗಳು. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್‌ನಲ್ಲಿ ಮೂರೂ ಸರಿಯಾಗಿ ಎರಡರಷ್ಟು.

ನನ್ನ ಅಪ್ಪನಿಗೆ 58. ನಮ್ಮ ಆಯ್ಕೆಯನ್ನು ತೀರ್ಮಾನಿಸಿದ್ದು ಈಜು. ಅಪ್ಪ ಚಿಕ್ಕಂದಿನಲ್ಲಿ ಮಂಡ್ಯದ ನಾಲೆಯಲ್ಲಿ ಈಜು ಕಲಿತವರು. ತಲೆ ಎತ್ತಿಕೊಂಡೇ ಈಜುತ್ತಾರೆ. ತಲೆ ಮೇಲಿದ್ದರೆ ಕಾಲು ಕೆಳಗಿಳಿಯುತ್ತದೆ, ಸುಸ್ತು ಬೇಗ ಬರುತ್ತದೆ. ಮುಖ ನೀರಲ್ಲಿಟ್ಟು ಉಸಿರು ಬಿಡುವುದನ್ನು ಕಲಿಯಲು ಅವರಿಗೆ ಎರಡು ತಿಂಗಳು ಬೇಕಾಯಿತು. 50 ಮೀಟರ್ ಕೊಳದಲ್ಲಿ ಸ್ಪ್ರಿಂಟ್‌ಗೆ 15 ಉದ್ದ, ಒಲಿಂಪಿಕ್‌ಗೆ 30. ಅವರು 15 ಮುಗಿಸಿ ನಕ್ಕ ದಿನ ನನಗೆ ಕಣ್ಣು ತುಂಬಿ ಬಂತು.

ಸೈಕಲ್‌ಗೆ ಮೈಸೂರಿನ ರಿಂಗ್ ರೋಡ್ ಸಾಕು, ಬೆಳಗ್ಗೆ ಬೇಗ ಹೋಗಿ. ಓಟಕ್ಕೆ ಕುಕ್ಕರಹಳ್ಳಿ ಕೆರೆ ಏರಿ. ಸೈಕಲ್ ಇಳಿದ ತಕ್ಷಣ ಓಡಿದರೆ ಕಾಲು ಕಲ್ಲಾದ ಹಾಗಿರುತ್ತದೆ. ವಾರಕ್ಕೊಮ್ಮೆ ಇಳಿದ ಕೂಡಲೇ ಹತ್ತು ನಿಮಿಷ ಓಡಿ ಅಭ್ಯಾಸ ಮಾಡಿ. ಒಲಿಂಪಿಕ್‌ಗೆ ಈ ಅಭ್ಯಾಸ ಇನ್ನೂ ಜಾಸ್ತಿ ಬೇಕು, ವಾರದ ಗಂಟೆಗಳೂ ಜಾಸ್ತಿ. ವಯಸ್ಸಾದವರಿಗೆ ವಿಶ್ರಾಂತಿಯೂ ಹೆಚ್ಚು ಬೇಕಲ್ವಾ?

ಇಬ್ಬರಿಗೂ ಈಗಾಗಲೇ ನಿಲ್ಲದೆ ಒಂದು ಕಿ.ಮೀ. ಈಜಲು, ಹತ್ತು ಕಿ.ಮೀ. ಓಡಲು ಆಗುತ್ತಿದ್ದರೆ ಒಲಿಂಪಿಕ್ ನೋಡಿ. ಒಬ್ಬರಿಗಾದರೂ ಈಜು ಹೊಸದಾಗಿದ್ದರೆ ಸ್ಪ್ರಿಂಟೇ ಸರಿ. ಯಾವುದೇ ಇರಲಿ, ಶುರು ಮಾಡುವ ಮುಂಚೆ ಅಪ್ಪ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಹೃದಯದ ತಪಾಸಣೆ ಮಾಡಿಸಿ.