ಹಳೇ ಲಿಬ್ರೆಟ್ಟೊ ಕೈಗೆ ಸಿಕ್ಕಿತೆಂದು ಮೊದಲೇ ಅಡಾಪ್ಟರ್ ಚುಚ್ಚಬೇಡಿ

ತೋಷಿಬಾ ಲಿಬ್ರೆಟ್ಟೊ 50ಸಿಟಿ ಎಂಬ ಪುಟ್ಟ ಲ್ಯಾಪ್‌ಟಾಪ್. 210 × 115 ಮಿ.ಮೀ. ಅಳತೆ, ಸುಮಾರು 850 ಗ್ರಾಂ ತೂಕ, 6.1 ಇಂಚಿನ ಪರದೆ, 75 ಮೆಗಾಹರ್ಟ್ಸ್ ಪೆಂಟಿಯಂ. 1996ರಲ್ಲಿ ಜಪಾನಿನಲ್ಲಿ ಶುರುವಾದ ಈ ಸಾಲಿನ ಯಂತ್ರ ಎಲ್ಲಾದರೂ ಕಣ್ಣಿಗೆ ಬಿದ್ದರೆ ಕೈ ತುರಿಸುವುದು ಸಹಜ: ಆನ್ ಆಗುತ್ತಾ ನೋಡೋಣ ಅಂತ. ಮೊನ್ನೆ ಒಂದರ ಸರ್ಕ್ಯೂಟ್ ಬೋರ್ಡು ಹೋದದ್ದೇ ಹಾಗೆ. ಅಡಾಪ್ಟರ್ ಹಾಕಿದ ಕೂಡಲೇ ದೀಪ ಎರಡು ಸಲ ಮಿನುಗಿ ಆರಿತು, ಆಮೇಲೆ ಜೀವ ಬರಲಿಲ್ಲ.

ಬಿಚ್ಚಿದಾಗ ಕಾರಣ ಕಂಡಿತು. ಗಡಿಯಾರ, ಮೆಮೊರಿ ಉಳಿಸಲು ಒಳಗೆ ಪುಟ್ಟ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುತ್ತದೆ. ಕೆಳಗಿಂದ ಕಳಚುವ ದೊಡ್ಡ ಬ್ಯಾಟರಿ ಬೇರೆ, ಇದು ಬೇರೆ; ಹೊರಗಿಂದ ಕಾಣುವುದೇ ಇಲ್ಲ. ವರ್ಷಗಟ್ಟಲೆ ಬಿದ್ದಿದ್ದರೆ ಅದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಬಿದ್ದಲ್ಲೇ ನಿಲ್ಲುವುದಿಲ್ಲ, ತಂತಿಯ ಪ್ಲಾಸ್ಟಿಕ್ ಸಿಪ್ಪೆಯೊಳಗೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿ ಬೋರ್ಡ್ ತಲುಪುತ್ತದೆ. ಈ ಯಂತ್ರದಲ್ಲಿ ತಂತಿಯ ಸಿಪ್ಪೆ ಸುಲಿದರೆ ತಾಮ್ರ ಕಪ್ಪಗೆ, ಮುಟ್ಟಿದರೆ ಪುಡಿ. ಬೋರ್ಡಿನ ಹಸಿರು ಲೇಪ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಅದರಡಿಯಲ್ಲಿ ವಿದ್ಯುತ್ ಸಾಗಿಸುವ ತಾಮ್ರದ ಗೆರೆಗಳು ತಿಂದುಹೋಗಿದ್ದವು. ಒದ್ದೆ ಕ್ಷಾರದಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ಕೊಟ್ಟ ಕ್ಷಣವೇ ಹರಿಯಬಾರದ ಕಡೆ ಹರಿದು, ಉಳಿದಿದ್ದ ಗೆರೆಯೂ ಸುಟ್ಟಿತು.

ಹಾಗಾಗಿ ಮೊದಲು ಬಿಚ್ಚಿ, ಆಮೇಲೆ ಪವರ್. ಆ ಪುಟ್ಟ ಬ್ಯಾಕಪ್ ಬ್ಯಾಟರಿ ತೆಗೆದು ಎಸೆಯಿರಿ. ಅದಿಲ್ಲದಿದ್ದರೆ ಸಮಯ, ಸೆಟಪ್ ಮರೆಯುತ್ತದೆ ಅಷ್ಟೇ. ಕಲೆ ಇದ್ದ ಕಡೆ ಬಿಳಿ ವಿನೆಗರ್ ಅದ್ದಿದ ಇಯರ್ ಬಡ್‌ನಿಂದ ಉಜ್ಜಿ. ಗಾಳಿ ತಾಗಿ ಕಾರ್ಬೋನೇಟ್ ಆದ ಬಿಳಿ ಹುಡಿಯಿಂದ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರ್ (ಯುಪಿಎಸ್ ಬ್ಯಾಟರಿಗೆ ಹಾಕುವುದೇ ಸಾಕು), ಕೊನೆಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ. ಒಂದು ಇಡೀ ದಿನ ಒಣಗಬೇಕು. ಮಲ್ಟಿಮೀಟರ್ ಬೀಪ್ ಮೋಡ್‌ನಲ್ಲಿ ಗೆರೆಗಳನ್ನು ಒಂದೊಂದಾಗಿ ನೋಡಿ. ತುಂಡಾಗಿದ್ದರೆ ಎನಾಮಲ್ ತಂತಿಯಲ್ಲಿ ಜೋಡಿಸಬಹುದು.

ಬಿಚ್ಚುವುದರಲ್ಲೂ ಮೋಸವಿದೆ. ಜಪಾನಿನ ಕ್ರಾಸ್ ಸ್ಕ್ರೂಗೆ ಜೆಐಎಸ್ (ಜಪಾನಿನ ಮಾನದಂಡದ) ಡ್ರೈವರ್ ಬೇಕು, ಸಾಮಾನ್ಯ ಫಿಲಿಪ್ಸ್ ಜಾರಿ ತಲೆ ಕೊರೆಯುತ್ತದೆ. ಸ್ಕ್ರೂ ಬಿಗಿದಿದ್ದರೆ ಬಲ ಹಾಕಬೇಡಿ. ಹಿತ್ತಾಳೆ ನಟ್ಟು ಕೂತ ಪ್ಲಾಸ್ಟಿಕ್ ಕಂಬ ಹಳತಾಗಿ ಬಿಸ್ಕತ್ತಿನಂತಾಗಿರುತ್ತದೆ. ಟಕ್ ಅಂದರೆ ಕಂಬ ಸೀಳಿತು, ನಟ್ಟು ಸುತ್ತುತ್ತಲೇ ಇರುತ್ತದೆ. ಯಾವ ತೂತಿನದು ಯಾವ ಸ್ಕ್ರೂ ಎಂದು ಕಾಗದದಲ್ಲಿ ಚಿತ್ರ ಬರೆದು ಚುಚ್ಚಿಡಿ. ಗಿಡ್ಡದ ಜಾಗಕ್ಕೆ ಉದ್ದದ್ದು ಹೋದರೆ ಬೋರ್ಡಿಗೇ ಇರಿಯುತ್ತದೆ.

ಕೀಬೋರ್ಡ್ ತೆಗೆಯುವಾಗ ಮೇಲಕ್ಕೆ ಎಳೆಯಬೇಡಿ, ಅಡಿಯಲ್ಲಿ ಚಪ್ಪಟೆ ರಿಬ್ಬನ್ ಕೇಬಲ್ ಇದೆ. ಅದನ್ನು ಹಿಡಿದ ಕನೆಕ್ಟರ್‌ನ ಲಾಕ್ ಎರಡೂ ತುದಿಯಿಂದ ಒಂದೇ ಸಮ ಸಡಿಲಿಸಿ. ಒಂದು ಕಿವಿ ಮುರಿದರೂ ರಿಬ್ಬನ್ ನಿಲ್ಲದು. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತಿದರೆ ಕೀಲಿನ ಬುಡ ಸೀಳುತ್ತದೆ, ಎರಡೂ ಕೈಯಿಂದ ನಿಧಾನ ತೆರೆಯಿರಿ. ಪರದೆಯ ಹಿಂಬದಿ ದೀಪಕ್ಕೆ ನೂರಾರು ವೋಲ್ಟ್ ಹೋಗುತ್ತದೆ, ಪವರ್ ಇರುವಾಗ ಅಲ್ಲಿ ಕೈ ಹಾಕಬೇಡಿ. ಆ ದೀಪದ ಸಣ್ಣ ಗಾಜಿನ ಕೊಳವೆ ಒಡೆದರೆ ಒಳಗೆ ಪಾದರಸ. ಮೌಸ್ ಬಾಣ ಓಡಿಸುವ ಗುಂಡಿ ಪರದೆಯ ಬಲಕ್ಕೆ, ಕ್ಲಿಕ್ ಬಟನ್‌ಗಳು ಮುಚ್ಚಳದ ಬೆನ್ನಿಗೆ ಇವೆ, ಹಾಗಾಗಿ ಆ ಚಿಪ್ಪು ಬೇರೆ ಮಾಡುವಾಗ ಅಲ್ಲಿನ ತಂತಿಯನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು, ಹಾರ್ಡ್ ಡಿಸ್ಕ್ ಬದಲಿಸುವವರಿಗೆ. 50ಸಿಟಿ ಒಳಗೆ 8.45 ಮಿ.ಮೀ. ದಪ್ಪದ್ದೇ ಕೂರುವುದು, 9.5 ಮಿ.ಮೀ.ಯದನ್ನು ಒತ್ತಿ ಮುಚ್ಚಿದರೆ ಒಡೆಯುವುದು ಚಿಪ್ಪೇ. 44 ಪಿನ್ನಿನ ಅಡಾಪ್ಟರ್‌ನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕುವುದು ವಾಸಿ. 8 ಜಿಬಿಗಿಂತ ದೊಡ್ಡ ಕಾರ್ಡ್ ಹಾಕಿದರೆ ಹೈಬರ್ನೇಟ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಆರುವುದು) ಆಫ್ ಮಾಡಿಡಿ, ಇಲ್ಲವಾದರೆ 8 ಜಿಬಿ ಆಸುಪಾಸಿನ ಜಾಗವನ್ನು ಪಾರ್ಟಿಷನ್‌ಗೆ ಸೇರಿಸದೆ ಖಾಲಿ ಬಿಡಿ. ಹೈಬರ್ನೇಟ್ ಆಗುವಾಗ ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಅಲ್ಲಿ ನೇರವಾಗಿ ಬರೆದುಬಿಡುತ್ತದೆ, ನಿಮ್ಮ ಕಡತ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.