ಈಸ್ಟ್ರೋಜನ್: ಮಾತ್ರೆಯೋ, ಜೆಲ್ಲೋ?

ಬೆಂಗಳೂರಿನಲ್ಲಿ ಹಾರ್ಮೋನ್ ಶುರು ಮಾಡಲು ಹೊರಟ ಟ್ರಾನ್ಸ್ ಮಹಿಳೆಯರಿಗೆ ಮಾತ್ರೆಯೇ ಅಗ್ಗ. ಎಸ್ಟ್ರಾಡಿಯೋಲ್ (ಈ ಚಿಕಿತ್ಸೆಯಲ್ಲಿ ಕೊಡುವ ಈಸ್ಟ್ರೋಜನ್) ಮಾತ್ರೆ ಡಾಕ್ಟರ ಚೀಟಿ ತೋರಿಸಿದರೆ ದೊಡ್ಡ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಪಿಜಿಯಲ್ಲಿ ಮೂವರ ಜೊತೆ ರೂಮು ಹಂಚಿಕೊಂಡವರಿಗೆ ಇನ್ನೊಂದು ಅನುಕೂಲ: ನುಂಗಿ ನೀರು ಕುಡಿದರೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ.

ಆದರೆ ನುಂಗಿದ್ದು ಮೊದಲು ಲಿವರ್ ಹಾದು ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ. ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಕಡಿಮೆ. ಸಿಗರೇಟು ಸೇದುವವರು, 45 ದಾಟಿದವರು, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಡಾಕ್ಟರ ಹತ್ತಿರ ಜೆಲ್ ಮಾತೇ ಎತ್ತಿ. ಇಲ್ಲಿ ದುಡ್ಡು ಉಳಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಜೆಲ್ಲಿನ ಕಿರಿಕಿರಿ ಬೇರೆ: ದಿನಾ ಹಚ್ಚಬೇಕು, ಒಣಗುವವರೆಗೆ ಯಾರ ಮೈಗೂ ತಾಗಬಾರದು.

ಎರಡರಲ್ಲೂ ಎದೆಯ ಬೆಳವಣಿಗೆ 3ರಿಂದ 6 ತಿಂಗಳಲ್ಲಿ ಶುರುವಾಗಿ 2–3 ವರ್ಷ ನಡೆಯುತ್ತದೆ. ದನಿ ಮಾತ್ರ ಯಾವುದರಿಂದಲೂ ಬದಲಾಗದು.

ಗರ್ಭನಿರೋಧಕ ಮಾತ್ರೆಯನ್ನು ಈ ಹೋಲಿಕೆಗೇ ತರಬೇಡಿ. ಯಾರೋ ಅಕ್ಕ ಹೇಳಿದರೆಂದು ನುಂಗುವವರಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ಎಂಬ ಕೃತಕ ಈಸ್ಟ್ರೋಜನ್‌ನಿಂದ ಹೆಪ್ಪುಗಟ್ಟುವ ಭಯ ಇನ್ನೂ ಜಾಸ್ತಿ, ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದರ ಮಟ್ಟ ತಿಳಿಯುವುದೂ ಇಲ್ಲ.

ಯಾವುದನ್ನೇ ಆರಿಸಿ, ಮೊದಲ ವರ್ಷ 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಬೇಡಿ. ಮುಂದೆ ಸ್ವಂತ ಮಗು ಬೇಕೆನಿಸಬಹುದಾದರೆ, ವೀರ್ಯ ಶೇಖರಿಸಿಡುವ ವಿಚಾರವನ್ನು ಮೊದಲ ಡೋಸಿಗಿಂತ ಮುಂಚೆಯೇ ಕೇಳಿ.